ಒಳ್ಳೆಯ ಗಾಳಿಗೆಂದು ಹಿಡಿದ ಮನೆ

ಮಕ್ಕಳು ಒಳ್ಳೆಯ ಗಾಳಿಯಲ್ಲಿ ಬೆಳೆಯಲಿ ಎಂದು ನನ್ನ ಮಗ ಪಟ್ಟಣ ಬಿಟ್ಟು ಹಳ್ಳಿಯಲ್ಲಿ ಮನೆ ಹಿಡಿದು ವರ್ಷವಾಯಿತು. ನಾಲ್ಕು ದಿನ ಇದ್ದು ಬರೋಣವೆಂದು ಹೋದೆ.

ಮಗ ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುತ್ತಾನೆ. ಸೊಸೆ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಶಿಶುವಿಹಾರ ಇದೆಯೆಂದು ಎರಡು ಮಕ್ಕಳೂ ಅವಳ ಪಾಲು. ಬೆಳಗಿನ ಆರರ ಬಸ್ಸಿಗೆ ಚಿಕ್ಕದನ್ನು ಸೊಂಟಕ್ಕೇರಿಸಿ, ದೊಡ್ಡದನ್ನು ನಿದ್ದೆಗಣ್ಣಲ್ಲೇ ನಡೆಸಿಕೊಂಡು ಹೋಗುತ್ತಾಳೆ. ಚಿಕ್ಕದಕ್ಕೆ ಬಸ್ಸಿನ ಕುಲುಕಾಟವಿದ್ದರೇ ನಿದ್ದೆಯಂತೆ. ಮೂವರೂ ಮರಳುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಕ್ಕಳಿಗೆಂದು ಕಟ್ಟಿದ ಉಯ್ಯಾಲೆಯಲ್ಲಿ ಪಕ್ಕದ ಮನೆಯ ಬೆಕ್ಕು ಮಲಗುತ್ತದೆ.

ಭಾನುವಾರ ಸ್ನೇಹಿತರ ಮುಂದೆ ಮಗ ಕೊಚ್ಚಿಕೊಂಡ. "ಇಲ್ಲಿನ ಗಾಳಿಗೆ ಮಕ್ಕಳು ಹೇಗಾಗಿದಾರೆ ನೋಡಿ."

ಕಾಫಿ ಲೋಟಗಳನ್ನು ತಂದ ಸೊಸೆ ತಲೆ ತಗ್ಗಿಸಿದಳು.

"ಯಾವ ಗಾಳಿಯಪ್ಪಾ? ಬಸ್ಸಿನ ಕಿಟಕಿ ಗಾಳಿನಾ?" ಎಂದೆ.

"ಅಮ್ಮ, ನಿನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು."

ಅವತ್ತಿಗೆ ಸುಮ್ಮನಿದ್ದೆ. ಸೋಮವಾರ ನಸುಕಿನಲ್ಲಿ ಸೊಸೆ ಮಕ್ಕಳನ್ನು ಎಬ್ಬಿಸಲು ಹೊರಟಾಗ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. "ನೀನೊಬ್ಬಳೇ ಹೋಗಮ್ಮ. ಇವತ್ತು ಅಪ್ಪನ ಜೊತೆ ಇರ್ತಾವೆ."

"ನನ್ನ ಕೆಲಸ?" ಎಂದು ಮಗ ಹಾಸಿಗೆಯಿಂದಲೇ ಕೇಳಿದ.

"ಅವಳೇನು ನೆಂಟರ ಮನೆಗೆ ಹೋಗ್ತಿದಾಳಾ?"

ಸೊಸೆ ನಮ್ಮಿಬ್ಬರ ಮುಖ ನೋಡಿದಳು. ಆಮೇಲೆ ಬರಿಗೈ ಬೀಸಿಕೊಂಡು ಬಸ್ಸಿಗೆ ಓಡಿದಳು.

ಹನ್ನೊಂದು ಗಂಟೆಗೆ ಮಗ, ಅಳುತ್ತಿದ್ದ ಚಿಕ್ಕದನ್ನು ಹೆಗಲಿಗೆ ಹಾಕಿಕೊಂಡು ನನ್ನೆದುರು ಬಂದು ನಿಂತ. ಶರ್ಟಿನ ತುಂಬ ಹಾಲು ಚೆಲ್ಲಿತ್ತು.

"ಅಮ್ಮ, ಇದು ಎಷ್ಟೊತ್ತಿಗೆ ಮಲಗುತ್ತೆ?"

"ಬಸ್ಸು ಹೊರಟ ಮೇಲೆ," ಎಂದೆ.