ಕುಂಕುಮ ಇಟ್ಟ ಯಂತ್ರ

ಯಂತ್ರವನ್ನು ಮೇಜಿನ ಮೇಲಿಟ್ಟ ಕೂಡಲೇ ವನಿತಕ್ಕ ಅದಕ್ಕೆ ಕುಂಕುಮ ಇಟ್ಟುಬಿಟ್ಟಳು. ನಮ್ಮ ಅಂಗಡಿಯಲ್ಲಿ ಅದು ರೂಢಿ. ತಕ್ಕಡಿ ಬಂದರೂ ಕುಂಕುಮ, ಕಾರ್ಡ್ ಉಜ್ಜುವ ಮೆಷಿನ್ ಬಂದರೂ ಕುಂಕುಮ. ಈಗ ಸುಳ್ಳು ಪತ್ತೆ ಮಾಡುವ ಯಂತ್ರಕ್ಕೂ ಒಂದು ಬೊಟ್ಟು, ಮೇಲೊಂದು ಸೇವಂತಿಗೆ. ಅದನ್ನು ತಂದಿದ್ದ ಪತ್ತೇದಾರಿ ಏಜೆನ್ಸಿಯವನು "ಸ್ಕ್ರೀನ್ ಮೇಲೆ ಬೇಡ ಆಂಟಿ" ಎಂದ.

ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಬೆಳ್ಳಿ ಅಂಗಡಿಯಲ್ಲಿ ಒಂದು ಜೊತೆ ಕಾಲ್ಗೆಜ್ಜೆ ಕಾಣೆಯಾಗಿತ್ತು. ಕೌಂಟರಿನಲ್ಲಿದ್ದವರು ವನಿತಕ್ಕ ಮತ್ತು ನಾನು. ಮಾಲೀಕ ಶ್ರೀಕರ್ ಸಾರ್ ಪೊಲೀಸರ ಬಳಿ ಹೋಗಲಿಲ್ಲ. ಅಂಗಡಿಯ ಹೆಸರು ಕೆಡುತ್ತದಂತೆ. ನಮ್ಮ ಹೆಸರು ಕೆಟ್ಟರೆ ಪರವಾಗಿಲ್ಲ. ಕಳ್ಳಿ ಎನಿಸಿಕೊಂಡು ಇಲ್ಲಿಂದ ಹೊರಬಿದ್ದವಳಿಗೆ ಈ ಬೀದಿಯ ಯಾವ ಅಂಗಡಿಯೂ ಕೆಲಸ ಕೊಡುವುದಿಲ್ಲ.

ವನಿತಕ್ಕ ಮೊದಲು ಕೂತಳು. ಕೂರುವ ಮುಂಚೆ ಚಪ್ಪಲಿ ಬಿಟ್ಟಳು. ತೋಳಿಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು.

"ನಿಮ್ಮ ಹೆಸರು ವನಿತಾನಾ?"

"ಹೌದು ಸ್ವಾಮಿ," ಎಂದಳು. ಕೇಳಿದ ಏಜೆನ್ಸಿಯವನಿಗಲ್ಲ, ಯಂತ್ರಕ್ಕೆ.

ಸ್ಕ್ರೀನಿನ ಗೆರೆ ಜಿಗಿಯಿತು. ಶ್ರೀಕರ್ ಸಾರ್ ಮುಂದಕ್ಕೆ ಬಗ್ಗಿದರು.

"ಅಕ್ಕನ ಹೆಸರೇ ಸುಳ್ಳಾ ಸಾರ್?" ನಾನು ಕೇಳಿದೆ.

"ಸುಮ್ನಿರು ಮೈತ್ರಿ. ನಿನ್ನ ಸರದಿನೂ ಬರುತ್ತೆ."

"ನಾನು ಕೂರಲ್ಲ."

"ತಪ್ಪು ಮಾಡಿಲ್ಲ ಅಂದ್ರೆ ಭಯ ಯಾಕಮ್ಮ?"

"ಭಯ ಇದೆ ಸಾರ್. ನೀವು ಕ್ಯಾಬಿನ್‌ಗೆ ಕರೆದ್ರೆ ಸಾಕು, ಎದೆ ಡವಡವ ಅನ್ನುತ್ತೆ. ಅದನ್ನ ಇದು ಕಳ್ಳತನ ಅಂತ ಓದ್ಕೊಳ್ಳುತ್ತೆ." ಏಜೆನ್ಸಿಯವನ ಕಡೆ ತಿರುಗಿದೆ. "ಅಣ್ಣ, ನಾನು ಒಪ್ಪದೆ ಇದನ್ನ ಕಟ್ಟೋ ಹಾಗಿದ್ಯಾ?"

ಅವನು ಸರಿಯಾಗಿಯೇ ಇದ್ದ ವೈರನ್ನು ಸರಿಪಡಿಸತೊಡಗಿದ. "ಒಪ್ಪಿಗೆ ಬೇಕು ಮೇಡಂ. ಪೊಲೀಸರಿಗೂ ಬೇಕು, ಕೋರ್ಟ್ ಹೇಳಿದೆ."

"ಕೇಳಿಸ್ತಾ ಅಕ್ಕ?"

ವನಿತಕ್ಕ ಯಂತ್ರವನ್ನೇ ನೋಡುತ್ತಿದ್ದಳು. "ಬೇಡ ಅಂದ್ರೆ ಏನಾದ್ರೂ ಆಗಿಬಿಟ್ರೆ?"

"ಬೊಟ್ಟು ಇಟ್ಟಿದ್ದು ನೀನೇ ಅಲ್ವಾ? ಇದು ನಮ್ಮ ತಕ್ಕಡಿಗಿಂತ ದಡ್ಡ. ನಾವು ಹೆದರಿದ್ರೆ ತಕ್ಕಡಿ ತೂಕ ಬದಲಾಯಿಸಲ್ಲ."

ಅವಳಿಗೆ ನಗು ಬಂತು. ಗೆರೆ ಮತ್ತೆ ಜಿಗಿಯಿತು. ತಾನೇ ಕ್ಲಿಪ್ಪು ಕಿತ್ತಳು. "ಪಟ್ಟಿ ಬಿಚ್ಚಪ್ಪ, ಕೈ ಜೋಮು ಹಿಡೀತು."

"ಹಂಗಾದ್ರೆ ಇಬ್ರೂ ನಾಳೆಯಿಂದ ಬರ್ಬೇಡಿ," ಎಂದರು ಶ್ರೀಕರ್ ಸಾರ್.

"ಬರ್ತೀವಿ. ಬೇಡ ಅಂದ್ರೆ ಬರೆದು ಕೊಡಿ ಸಾರ್. ಮೆಷಿನ್ ಮುಂದೆ ಕೂರ್ಲಿಲ್ಲ, ಅದಕ್ಕೇ ತೆಗೆದೆ ಅಂತ ಕಾರಣಾನೂ ಬರೀರಿ, ಲೇಬರ್ ಆಫೀಸಲ್ಲಿ ಓದ್ತಾರೆ. ಗೆಜ್ಜೆಗೆ ಪೊಲೀಸ್ ಕಂಪ್ಲೇಂಟ್ ಕೊಡಿ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತೀವಿ."

ಸಾರ್ ಏಜೆನ್ಸಿಯವನ ಮುಖ ನೋಡಿದರು. ಅವನು ಬ್ಯಾಗಿನ ಜಿಪ್ ಎಳೆಯುತ್ತಿದ್ದ.

ಅಂಗಡಿ ತೆರೆಯುವ ಹೊತ್ತಾಗಿತ್ತು. ಯಾರೂ ಹೇಳದಿದ್ದರೂ ಹೋಗಿ ಶಟರ್ ಎತ್ತಿದೆ. ಹೊರಗೆ ಇಬ್ಬರು ಹೆಂಗಸರು ಕಾಯುತ್ತಿದ್ದರು.

"ದೀಪದ ಕಂಬ ತೋರಿಸಮ್ಮ."

ಶ್ರೀಕರ್ ಸಾರ್ ನನ್ನನ್ನೇ ದಿಟ್ಟಿಸುತ್ತಿದ್ದರು. ದಿಟ್ಟಿಸಲಿ. ಕೌಂಟರಿನ ಹಿಂದೆ ಹೋಗಿ ನನ್ನ ಜಾಗದಲ್ಲಿ ನಿಂತೆ.

"ಬನ್ನಿ ಆಂಟಿ," ಎಂದೆ, "ಎಷ್ಟು ಎತ್ತರದ್ದು ಬೇಕು?"