ಕಣ್ಣು ಮುಚ್ಚಿದ ಹಂಸ

“ಈ ಹಂಸಕ್ಕೆ ಯಾಕಪ್ಪಾ ನಿದ್ದೆ ಬಂತು?”

ಮಗ್ಗದ ಮುಂದೆ ಒಬ್ಬನೇ ನಿಂತು ಕೋದಂಡಪ್ಪ ಕೇಳಿದ. ಕಾರಣ ನನಗೆ ಗೊತ್ತಿತ್ತು, ಬಾಯಿರಲಿಲ್ಲ.

ನಾನು ರೇಷ್ಮೆ ಮಗ್ಗದ ಒಂದು ರಟ್ಟು. ನನ್ನಂಥ ನೂರಾರು ರಟ್ಟುಗಳನ್ನು ಮಾಲೆಯಂತೆ ಪೋಣಿಸಿ ಮಗ್ಗದ ಮೇಲೆ ತೂಗುಹಾಕುತ್ತಾರೆ. ಮೈಯಲ್ಲಿ ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಸೆರಗಿನ ಹಂಸ ಹುಟ್ಟುವುದು ಹಾಗೆ. ಅದರ ರೆಪ್ಪೆ ಪಕ್ಕದ ರಟ್ಟಿನ ಪಾಲು, ಕಣ್ಣು ನನ್ನ ಪಾಲು.

ದೊಡ್ಡಬಳ್ಳಾಪುರದ ಆ ಮನೆಯಲ್ಲಿ ಕೋದಂಡಪ್ಪ ನನಗೆ ತೂತು ಹೊಡೆಯುತ್ತಿದ್ದಾಗ, ಹೆಂಡತಿ ಸಾಕಮ್ಮ ಹಸುಗೂಸು ಪಂಕಜಳ ತೊಟ್ಟಿಲು ತೂಗುತ್ತ ಷಟ್ಪದಿ ಹೇಳುತ್ತಿದ್ದಳು. ಪದ್ಯ ತೊಟ್ಟಿಲ ಜೊತೆ ಹೋಗಿ ಬರುತ್ತಿತ್ತು. ಅವನ ಸುತ್ತಿಗೆಯೂ ಅದೇ ಲಯ ಹಿಡಿಯಿತು. ಚರಣದ ಕೊನೆಯಲ್ಲಿ ಅವಳು ಉಸಿರಿಗೆಂದು ನಿಂತಳು; ಸುತ್ತಿಗೆಯೂ ಮೇಲೇ ನಿಂತಿತು. ಕಣ್ಣಿನ ತೂತು ಬೀಳಲೇ ಇಲ್ಲ.

“ಬೇರೆ ರಟ್ಟು ಕೊರೀಲೇನೇ?” ಎಂದು ಕೋದಂಡಪ್ಪ ಹೆಂಡತಿಯನ್ನು ಕರೆದು ಕೇಳಿದಾಗ ಸಾಕಮ್ಮ ನೇಯ್ದ ಸೆರಗು ಸವರಿ ನೋಡಿದಳು. “ನಮ್ಮ ಕೂಸು ಮಲಗಿದ ಹಾಗೇ ಐತೆ. ಎಬ್ಬಿಸ್ಬೇಡಿ.”

ಅಂದಿನಿಂದ ಮಲಗಿದ ಹಂಸಗಳು ಎಷ್ಟೋ ಮದುವೆಮನೆಗಳಿಗೆ ಹೋದವು. ಮೇಲಿಂದ ನೋಡುವ ನನಗೆ ಕಂಡದ್ದು ಕೋದಂಡಪ್ಪನ ನೆತ್ತಿ ಮಾತ್ರ. ಅದು ಮಂಜಿನಂತೆ ಮೆಲ್ಲಗೆ ಬೆಳ್ಳಗಾಯಿತು. ಒಂದು ದಿನ ಆ ಜಾಗದಲ್ಲಿ ಪಂಕಜಳ ಬೈತಲೆ ಇತ್ತು.

ಬೀದಿಯ ಕೈಮಗ್ಗಗಳು ಒಂದೊಂದಾಗಿ ಮಾತು ನಿಲ್ಲಿಸಿದವು. ನೇಯ್ಗೆ ಬಿಡಲಾರದೆ ಪಂಕಜ ಕಂಪ್ಯೂಟರ್ ಮಗ್ಗ ತಂದಳು. ಅದನ್ನು ನಡೆಸುವ ಇರ್ಫಾನ್ ನನ್ನನ್ನು ಬೆಳಕಿಗೆ ಹಿಡಿದ, ಮೈಯೆಲ್ಲ ನಕ್ಷತ್ರವಾಯಿತು. ಆ ಕಂಪ್ಯೂಟರ್ ಪೆಟ್ಟಿಗೆಯ ಭಾಷೆಯೂ ನಮ್ಮದೇ: ಏಳು, ಸುಮ್ಮನಿರು. ನನಗದು ಹೊರಗಿನದು ಅನ್ನಿಸಲಿಲ್ಲ. ನನ್ನ ತೂತುಗಳೂ, ಇಲ್ಲದ ಆ ಒಂದು ತೂತೂ ಅದರೊಳಗೆ ಹೋದವು. ನಾನು ದೇವರ ಪಟದ ಪಕ್ಕದ ಮೊಳೆಗೆ ಬಂದೆ.

ಹೊಸ ಮಗ್ಗದ ಮೊದಲ ಸೀರೆ ನೋಡಲು ವ್ಯಾಪಾರಿ ಭೂಪಾಲ ಶೆಟ್ಟರು ಬಂದರು.

“ಇಷ್ಟು ದೊಡ್ಡ ಮಿಷಿನ್ ತಂದು ತೂಕಡಿಸೋ ಹಕ್ಕಿ ನೇಯ್ತೀಯೇನಮ್ಮಾ? ಮದುಮಗಳು ಉಟ್ಟರೆ ಮುಹೂರ್ತ ಮೀರುತ್ತೆ.”

ಇರ್ಫಾನ್ ನಕ್ಕ. “ಅಕ್ಕಾ, ಒಂದು ಚುಕ್ಕಿ ಅಷ್ಟೇ. ಒತ್ತಿದ್ರೆ ಕಣ್ಣು ಬಿಡುತ್ತೆ.”

“ಬಿಡಿಸಮ್ಮ,” ಅಂದರು ಶೆಟ್ಟರು. “ನೇಯ್ದಿದ್ದೆಲ್ಲ ನಾನೇ ಒಯ್ತೀನಿ. ಇಲ್ಲಾಂದ್ರೆ ಒಂದೂ ಬೇಡ.”

ಬೇರೆ ಗಿರಾಕಿ ಇನ್ನೂ ಸಿಕ್ಕಿರಲಿಲ್ಲ. ಮಗ್ಗ ನಿಂತರೆ ಈ ಮನೆಯೂ ಬೀದಿಯಂತೆ ಮೂಕ. ಪಂಕಜ ಪೆಟ್ಟಿಗೆಯ ಪರದೆ ನೋಡಿದಳು, ಆಮೇಲೆ ನನ್ನನ್ನು. ಒಳಗೆ ಸಾಕಮ್ಮನ ಮುಪ್ಪಿನ ದನಿ ಪದ್ಯ ಹೇಳುತ್ತಿತ್ತು. ಚರಣದ ಕೊನೆಯಲ್ಲಿ ಉಸಿರಿಗೆಂದು ನಿಂತಿತು.

“ಎಬ್ಬಿಸಲ್ಲ, ಶೆಟ್ರೇ,” ಅಂದಳು ಪಂಕಜ.