ಕೆಳಗಿನ ಪಟ್ಟಿ

"ಅವನ ಫೋಟೋ ಕೆಳಗೆ ಅದೇನವ್ವ ಕುಣೀತಾ ಐತೆ?" ಎಂದು ಚನ್ನಲಿಂಗಪ್ಪ ಕೇಳಿದರು.

ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನಲ್ಲಿ ಮಗಳು ಹೇಮಶ್ರೀಗೆ ಟೈಪಿಂಗ್ ಕೆಲಸ. ಅವಳ ಕುರ್ಚಿಯ ಹಿಂದೆ ನಿಂತು ಅವರು ಪರದೆ ನೋಡುತ್ತಿದ್ದರು. ಅದರಲ್ಲಿ ಸತ್ತ ಮಗ ರುದ್ರಪ್ರಸಾದನ ಮುಖ; ಕೆಳಗೆ, ಅವನ ನೆನಪಿಗೆಂದು ಅವಳು ಮಾಡಿದ್ದ ವೆಬ್‌ಸೈಟಿಗೆ ಪುಕ್ಕಟೆ ಜಾಗ ಕೊಟ್ಟಿದ್ದ ಯಾವುದೋ ದೇಶದ ಕಂಪನಿಯ ಹಳದಿ ಪಟ್ಟಿ. ಪಟ್ಟಿಯಲ್ಲಿ ಹುಡುಗಿಯೊಬ್ಬಳು ನಗುತ್ತ, ನೀವೂ ಒಂದು ಸೈಟ್ ಮಾಡಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಕರೆಯುತ್ತಿದ್ದಳು. ಅದು ಕಂಪನಿಯವರ ಹೆಸರು, ಇರಲೇಬೇಕು ಎಂದು ಹೇಮಶ್ರೀ ವಿವರಿಸಿದಳು.

"ನನ್ ಮಗ ಸತ್ತವ್ನೆ. ಅವಳು ನಗ್ತಾವ್ಳೆ. ತೆಗ್ದುಬುಡವ್ವ."

ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ರುದ್ರಪ್ರಸಾದ ಪ್ರೆಸ್ ಮೆಷಿನ್ನಿಗೆ ಸಿಕ್ಕು ಸತ್ತು ಐದು ತಿಂಗಳಾಗಿತ್ತು. ಅವನು ತಮ್ಮ ಕೆಲಸಗಾರನೇ ಅಲ್ಲ, ಕೇಳದೆ ಒಳಗೆ ಬಂದವನು ಎಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರಿದ್ದ ಅವನ ಜೊತೆಯವರು ಈ ವೆಬ್‌ಸೈಟಿನಲ್ಲಿ ನೋಡಿದವರು ನಾಲ್ಕು ಸಾಲು ಬರೆಯಲೆಂದಿದ್ದ ಗೆಸ್ಟ್‌ಬುಕ್ಕಿನಲ್ಲಿ ಮಾತ್ರ ಬರೆದರು. ನಮ್ಮ ಶಿಫ್ಟಿನಲ್ಲೇ ಇದ್ದ, ಮೆಷಿನ್ ಕೆಟ್ಟಿದೆ ಎಂದು ಅವನೇ ಹೇಳಿದ್ದ ಎಂದೆಲ್ಲ. ಹನ್ನೊಂದು ಜನ. ಮುಂದಿನ ವಾರ ರಾಮನಗರದಲ್ಲಿ ಪರಿಹಾರದ ವಿಚಾರಣೆ. ಅಷ್ಟರಲ್ಲಿ ಇನ್ನೂ ಒಬ್ಬಿಬ್ಬರು ಬರೆದಾರು, ಆಮೇಲೆ ಎಲ್ಲ ಒಟ್ಟಿಗೆ ಪ್ರಿಂಟ್ ತೆಗೆದರಾಯಿತು ಎಂದು ಹೇಮಶ್ರೀ ಕಾದಿದ್ದಳು.

ಪಟ್ಟಿಯನ್ನು ಮರೆಮಾಡುವ ಎರಡು ಸಾಲಿನ ಕೋಡ್ ಹುಡುಕಲು ಅವಳಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಹಳದಿ ಹೋಯಿತು. ಬಿಳಿಯ ಮೇಲೆ ಮುಖವೊಂದೇ ಉಳಿಯಿತು. ಚನ್ನಲಿಂಗಪ್ಪ ಗಾಜಿನ ಮೇಲೆ ಬೆರಳಿಟ್ಟು ಮಗನ ಕೆನ್ನೆ ಸವರಿದರು.

ನಾಲ್ಕನೆಯ ದಿನ ಪುಟವೇ ಇರಲಿಲ್ಲ. ನಮ್ಮ ಹೆಸರನ್ನು ಮರೆಮಾಡಿ ನಿಯಮ ಮುರಿದಿದ್ದೀರಿ, ಸೈಟನ್ನು ಅಳಿಸಲಾಗಿದೆ ಎಂದು ಕಂಪನಿಯ ಮೇಲ್ ಬಂದಿತ್ತು. ಹೇಮಶ್ರೀ ಮೂರು ಸಲ ಬೇಡಿಕೊಂಡು ಬರೆದಳು. ಮೂರು ಸಲವೂ ಒಂದೇ ಉತ್ತರ, ಅಕ್ಷರವೂ ಬದಲಾಗದೆ. ಹನ್ನೊಂದು ಜನ ಬರೆದದ್ದೂ ಸೈಟಿನ ಜೊತೆಗೇ ಹೋಯಿತೆಂದು ಸಂಜೆ ತಂದೆಗೆ ಹೇಳಿದಳು. ಅವರು ಬಯ್ಯಲಿಲ್ಲ. ತೆಗಿ ಅಂದವನು ನಾನೇ ಅಲ್ಲವೇ ಎಂದರು, ಅಷ್ಟೇ.

ಬರೆದವರ ಪೈಕಿ ಊರಿನ ಸಮೇತ ಅವಳಿಗೆ ನೆನಪಿದ್ದುದು ಒಂದೇ ಹೆಸರು, ಕುದೂರಿನ ನಟರಾಜು. ಅವನಿಂದಲಾದರೂ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳೋಣವೆಂದು ಭಾನುವಾರ ಇಬ್ಬರೂ ಬಸ್ಸು ಬದಲಿಸಿ ಹೋದರು. ಅವನು ಮನೆಯಲ್ಲೇ ಇದ್ದ. ಚಾಪೆ ಹಾಸಿ ಕೂರಿಸಿದ, ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

"ಬರ್ದಿದ್ದು ನಾನೇ ಅಕ್ಕ, ಇಲ್ಲ ಅನ್ನಕ್ಕಿಲ್ಲ. ಆದ್ರೆ ಹೋದ ತಿಂಗ್ಳು ನನ್ನ ಪರ್ಮನೆಂಟ್ ಮಾಡವ್ರೆ. ಈಗ ಕಾಗದದ ಮ್ಯಾಲೆ ಸೈನ್ ಹಾಕಕ್ಕಾಗಕ್ಕಿಲ್ಲ."

ಹೇಮಶ್ರೀ ಏನೋ ಹೇಳಹೋದಳು. ಚನ್ನಲಿಂಗಪ್ಪ ಅವಳ ಕೈ ಹಿಡಿದು ತಡೆದರು.

"ಸೈನ್ ಬ್ಯಾಡ ಕಣಪ್ಪ. ಅವತ್ತು ಅವ್ನು ಊಟ ಮಾಡಿದ್ನಾ?"

ನಟರಾಜು ತಲೆ ಎತ್ತಿ ಅವರ ಮುಖ ನೋಡಿದ.

"ಇಲ್ಲ ಯಜಮಾನ್ರೆ. ಊಟದ ಬೆಲ್ ಇನ್ನೂ ಹೊಡ್ದಿರ್ನಿಲ್ಲ."

ಒಳಗಿನಿಂದ ಅವನ ಹೆಂಡತಿ ಎರಡು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟು, ಕೈಗೆ ನೀರು ಹಾಕಿದಳು. ಚನ್ನಲಿಂಗಪ್ಪ ಕೈ ತೊಳೆದುಕೊಂಡರು. ತೊಳೆದ ಕೈಯನ್ನು ತಟ್ಟೆಯ ಮೇಲೆ ಹಾಗೇ ಹಿಡಿದು ಕೂತರು. ಬೆರಳ ತುದಿಯಿಂದ ನೀರು ಒಂದೊಂದೇ ಹನಿಯಾಗಿ ಮುದ್ದೆಯ ಮೇಲೆ ಬೀಳುತ್ತಿತ್ತು.